ಪಸ್ಕ ಯಾವಾಗ, ಈಸ್ಟರ್ ಯಾವಾಗ: ತಾರೀಕು ಹೇಳುವ ನಾಲ್ಕು ಉಚಿತ ಸಾಧನಗಳ ವಿಮರ್ಶೆ

2026ರಲ್ಲಿ ಯೆಹೂದ್ಯರ ಪಸ್ಕ ಹಬ್ಬದ ಮೊದಲ ದಿನ ಏಪ್ರಿಲ್ 2, ಗುರುವಾರ. ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಭೆಗಳ ಈಸ್ಟರ್ ಏಪ್ರಿಲ್ 5, ಗ್ರೀಸ್ ಮತ್ತು ರಷ್ಯಾದ ಆರ್ಥೊಡಾಕ್ಸ್ ಸಭೆಗಳ ಈಸ್ಟರ್ ಏಪ್ರಿಲ್ 12. ಮೂರೂ ಹತ್ತಿರ ಹತ್ತಿರ ಇವೆ. 2024ರ ಕ್ಯಾಲೆಂಡರ್ ತೆಗೆದು ನೋಡಿದರೆ ಲೆಕ್ಕವೇ ಬೇರೆ: ಮಾರ್ಚ್ 31ಕ್ಕೆ ಪಶ್ಚಿಮದ ಈಸ್ಟರ್, ಏಪ್ರಿಲ್ 23ಕ್ಕೆ ಪಸ್ಕ, ಮೇ 5ಕ್ಕೆ ಆರ್ಥೊಡಾಕ್ಸ್ ಈಸ್ಟರ್. ಹಬ್ಬಗಳ ಬೇರು ಒಂದೇ, ಹೆಸರೂ ಒಂದೇ. ಕನ್ನಡ ಬೈಬಲಿನಲ್ಲಿ ಯೆಹೂದ್ಯರ ಹಬ್ಬಕ್ಕೆ ಪಸ್ಕ ಎಂದಿದೆ. ನಮ್ಮ ಕ್ಯಾಥೊಲಿಕ್ ಚರ್ಚುಗಳಲ್ಲಿ ಈಸ್ಟರನ್ನು ಪಾಸ್ಕ ಹಬ್ಬ ಅನ್ನುತ್ತಾರೆ. ಮಂಗಳೂರಿನ ಕೊಂಕಣಿಯಲ್ಲಿ ಅದು ಪಾಸ್ಕಾಂ ಫೆಸ್ತ್. ಹೀಬ್ರೂ ಭಾಷೆಯ ‘ಪೆಸಾಖ್’ ಎಂಬ ಒಂದು ಪದದಿಂದಲೇ ಇವೆಲ್ಲ ಬಂದಿವೆ.

ಚರ್ಚಿನ ವಾರ್ಷಿಕ ಕ್ಯಾಲೆಂಡರ್ ಮಾಡುವವರಿಗೆ, ಜೆರುಸಲೇಮ್ ಯಾತ್ರೆಗೆ ಗುಂಪು ಕರೆದೊಯ್ಯುವವರಿಗೆ, ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಕರಾವಳಿಯ ಜನರಿಗೆ, ವಿದೇಶದ ಕಚೇರಿಗಳ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೆ ಈ ತಾರೀಕುಗಳು ಮುಂಚಿತವಾಗಿ ಗೊತ್ತಿರಬೇಕು. ಹೇಳುವ ಸಾಧನಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಯಾವ ಸಭೆಯ ಹಬ್ಬ, ಯಾವ ಕ್ಯಾಲೆಂಡರಿನ ತಾರೀಕು, ದಿನ ಶುರುವಾಗುವುದು ಎಷ್ಟು ಹೊತ್ತಿಗೆ ಎಂಬುದನ್ನು ಹೇಳದೆ ಒಂದು ತಾರೀಕನ್ನಷ್ಟೇ ಕೈಗಿಡುತ್ತವೆ. ತಪ್ಪುಗಳು ಹುಟ್ಟುವುದು ಅಲ್ಲೇ. ಇಲ್ಲಿ ನೋಡಿರುವುದು ದುಡ್ಡು ಕೊಡಬೇಕಾಗಿಲ್ಲದ ನಾಲ್ಕು ಸಾಧನಗಳನ್ನು: ಯೆಹೂದಿ ಕ್ಯಾಲೆಂಡರಿನ ಹೆಬ್‌ಕ್ಯಾಲ್ ಜಾಲತಾಣ, ಲೆಕ್ಕಹಾಳೆಯ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಡೇಟ್‌ಯುಟಿಲ್ ಎಂಬ ಲೈಬ್ರರಿ ಮತ್ತು ಲಿನಕ್ಸಿನ ಎನ್‌ಕ್ಯಾಲ್ ಎಂಬ ಆಜ್ಞೆ. ಒರೆಗಲ್ಲಿಗೆ 2024ರಿಂದ 2027ರವರೆಗಿನ ನಾಲ್ಕು ವರ್ಷ ಸಾಕು. 2024 ಮತ್ತು 2027ರಲ್ಲಿ ಪಸ್ಕಕ್ಕೂ ಪಶ್ಚಿಮದ ಈಸ್ಟರಿಗೂ ಹೆಚ್ಚುಕಡಿಮೆ ಒಂದು ತಿಂಗಳ ಅಂತರ, 2025ರಲ್ಲಿ ಎರಡೂ ಈಸ್ಟರ್ ಒಂದೇ ದಿನ, 2026 ಸಾಧಾರಣ ವರ್ಷ.

ಪಸ್ಕದ ತಾರೀಕಿಗೆ ಹೆಬ್‌ಕ್ಯಾಲ್ ನಾಲ್ಕರಲ್ಲಿ ಅತ್ಯುತ್ತಮ. ಯೆಹೂದಿ ವರ್ಷವನ್ನಾದರೂ ಕೊಡಿ, ನಾವು ಬಳಸುವ ಇಸವಿಯನ್ನಾದರೂ ಕೊಡಿ, ಹಬ್ಬಗಳ ಪಟ್ಟಿ ಬರುತ್ತದೆ. ಅದನ್ನು ಫೋನಿನ ಕ್ಯಾಲೆಂಡರಿಗೆ ಇಳಿಸಿಕೊಳ್ಳಬಹುದು, ಪಿಡಿಎಫ್ ಆಗಿಯೂ ತೆಗೆಯಬಹುದು. ಊರಿನ ಹೆಸರು ಕೊಟ್ಟರೆ ದೀಪ ಹಚ್ಚುವ ಹೊತ್ತನ್ನೂ ತೋರಿಸುತ್ತದೆ, ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ಆದರೆ ಇಳಿಸಿಕೊಳ್ಳುವ ಮುನ್ನ ಎರಡು ಕಡೆ ಕಣ್ಣಿಡಬೇಕು.

ಮೊದಲನೆಯದು, ಇಸ್ರೇಲೋ ಹೊರದೇಶವೋ ಎಂಬ ಆಯ್ಕೆ. ಇಸ್ರೇಲಿನಲ್ಲಿ ಪಸ್ಕ ಏಳು ದಿನ, ಹೊರಗೆ ಸಂಪ್ರದಾಯ ಪಾಲಿಸುವವರಿಗೆ ಎಂಟು ದಿನ. 2026ರಲ್ಲಿ ಇಸ್ರೇಲಿನಲ್ಲಿ ಏಪ್ರಿಲ್ 8ಕ್ಕೆ ಮುಗಿಯುತ್ತದೆ, ಹೊರಗೆ 9ಕ್ಕೆ. ಸೆಡರ್ ಎಂಬ ರಾತ್ರಿಯ ವಿಧಿಯೂಟ ಇಸ್ರೇಲಿನಲ್ಲಿ ಒಂದೇ ರಾತ್ರಿ, ಹೊರಗೆ ಎರಡು ರಾತ್ರಿ. ಕೆಲಸ ನಿಲ್ಲಿಸುವ ದಿನಗಳೂ ಹಾಗೇ: ಇಸ್ರೇಲಿನಲ್ಲಿ ಮೊದಲನೆಯ ಮತ್ತು ಏಳನೆಯ ದಿನ, ಹೊರಗೆ ಮೊದಲ ಎರಡು ಮತ್ತು ಕೊನೆಯ ಎರಡು ದಿನ. ಇಸ್ರೇಲಿನ ಹೆಚ್ಚಿನ ಊರುಗಳಲ್ಲಿ ಆ ಎರಡು ದಿನ ಬಸ್ಸು ರೈಲು ಓಡುವುದಿಲ್ಲ. ಅಲ್ಲಿ ಕೆಲಸದಲ್ಲಿರುವವರು ಆಯ್ಕೆ ತಪ್ಪಿಸಿದರೆ ರಜೆಯ ಲೆಕ್ಕವೂ ಪ್ರಯಾಣದ ಲೆಕ್ಕವೂ ಹಾಳಾಗುತ್ತದೆ.

ಎರಡನೆಯದು ಸಂಜೆ. ಯೆಹೂದಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಫೋನಿನ ಕ್ಯಾಲೆಂಡರ್ ದಿನ ಬದಲಿಸುವುದು ನಡುರಾತ್ರಿಗೆ. ಹಾಗಾಗಿ 2026ರ ಮೊದಲ ಸೆಡರ್ ಊಟ ಇರುವುದು ಏಪ್ರಿಲ್ 1ರ ರಾತ್ರಿ. ಹೆಬ್‌ಕ್ಯಾಲ್ ಆ ದಿನಕ್ಕೆ ‘ಎರೆವ್ ಪೆಸಾಖ್’, ಅಂದರೆ ಪಸ್ಕದ ಮುನ್ನಾದಿನ ಎಂದು ಬರೆಯುತ್ತದೆ. ಇದನ್ನು ಗಮನಿಸದೆ ಏಪ್ರಿಲ್ 2ರ ರಾತ್ರಿಗೆ ಊಟದ ಆಹ್ವಾನ ಎಂದುಕೊಂಡರೆ ಇಸ್ರೇಲಿನಲ್ಲಿ ಹಬ್ಬದೂಟ ಮುಗಿದೇ ಹೋಗಿರುತ್ತದೆ. ತಾರೀಕು ಪರಿವರ್ತಿಸುವ ಪುಟದಲ್ಲಿ ‘ಸೂರ್ಯಾಸ್ತದ ನಂತರ’ ಎಂಬ ಚೌಕವಿದೆ. ರಾತ್ರಿ ಹುಟ್ಟಿದ ಮಗುವಿನ ಅಥವಾ ರಾತ್ರಿ ತೀರಿಕೊಂಡವರ ಯೆಹೂದಿ ತಿಥಿ ಹುಡುಕುವಾಗ ಅದನ್ನು ಗುರುತು ಮಾಡದಿದ್ದರೆ ಒಂದು ದಿನ ಹಿಂದಿನ ತಿಥಿ ಬರುತ್ತದೆ.

ಯಾವ ಕ್ಯಾಲೆಂಡರ್ ಕೊಟ್ಟ ತಾರೀಕನ್ನಾದರೂ ವಾರ ನೋಡಿ ಪರೀಕ್ಷಿಸಬಹುದು. ಪಸ್ಕದ ಮೊದಲ ದಿನ ಸೋಮವಾರ, ಬುಧವಾರ, ಶುಕ್ರವಾರ ಬರುವಂತಿಲ್ಲ. ಯೋಮ್ ಕಿಪ್ಪುರ್ ಉಪವಾಸ ಶನಿವಾರದ ಸಬ್ಬತ್ ದಿನಕ್ಕೆ ಅಂಟಿಕೊಂಡಂತೆ ಶುಕ್ರವಾರವೋ ಭಾನುವಾರವೋ ಬರಬಾರದೆಂದು ಅದಕ್ಕೆ ಸ್ವಲ್ಪ ಮುಂಚೆ ಬರುವ ಯೆಹೂದಿ ಹೊಸವರ್ಷದ ದಿನವನ್ನು ಬೇಕಾದಾಗ ಒಂದೆರಡು ದಿನ ಮುಂದೂಡುತ್ತಾರೆ. ಪಸ್ಕದ ಮೊದಲ ದಿನದಿಂದ ಮುಂದಿನ ಹೊಸವರ್ಷಕ್ಕೆ ಸರಿಯಾಗಿ 163 ದಿನ ಇರುವುದರಿಂದ ಆ ನಿರ್ಬಂಧ ಪಸ್ಕಕ್ಕೂ ತಟ್ಟುತ್ತದೆ. ಯಾವುದೋ ಡೈರಿಯಲ್ಲಿ ಬುಧವಾರ ಏಪ್ರಿಲ್ 1, 2026 ಪಸ್ಕ ಎಂದು ಅಚ್ಚಾಗಿದ್ದರೆ ಅದು ಮುನ್ನಾದಿನ ಎಂದು ವಾರವೇ ಹೇಳಿಬಿಡುತ್ತದೆ. ಶನಿವಾರ ಮಾತ್ರ ಗೊಂದಲದ್ದು, ಏಕೆಂದರೆ ಶನಿವಾರ ಮೊದಲ ದಿನವೂ ಆಗಬಹುದು, ಮುನ್ನಾದಿನವೂ ಆಗಬಹುದು. 2025ರಲ್ಲಿ ಮುನ್ನಾದಿನವೇ ಶನಿವಾರ ಬಿದ್ದಿತ್ತು. ಅಂಥ ವರ್ಷ, ಪಸ್ಕದ ದಿನಗಳಲ್ಲಿ ಮನೆಯಲ್ಲಿ ಇರಬಾರದ ಹುಳಿಹಿಟ್ಟಿನ ಪದಾರ್ಥ ಹುಡುಕಿ ತೆಗೆಯುವ ಕೆಲಸ ಗುರುವಾರ ರಾತ್ರಿಗೆ ಹಿಂದೆ ಸರಿಯುತ್ತದೆ.

ಹೆಬ್‌ಕ್ಯಾಲ್ ಹೇಳದೆ ಬಿಡುವುದು ಒಂದೇ: ಕೆಲವು ವರ್ಷ ಪಸ್ಕ ಇಷ್ಟು ತಡವೇಕೆ. ಪಂಚಾಂಗ ನೋಡುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಇದು ಅಧಿಕ ಮಾಸದ ವಿಷಯ. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ. ಸೌರ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ನಮ್ಮಲ್ಲಿ ಸಂಕ್ರಮಣವಿಲ್ಲದ ಚಾಂದ್ರಮಾಸ ಬಂದಾಗ ಅದು ಅಧಿಕವಾಗುತ್ತದೆ, ಸೂರ್ಯನ ಗತಿಯನ್ನೇ ನೋಡಿ ತೀರ್ಮಾನ. ಯೆಹೂದಿ ಪಂಚಾಂಗದಲ್ಲಿ ಕಟ್ಟುನಿಟ್ಟಿನ ಸರದಿ ಇದೆ: 19 ವರ್ಷದ ಚಕ್ರದಲ್ಲಿ 3, 6, 8, 11, 14, 17 ಮತ್ತು 19ನೆಯ ವರ್ಷಗಳಿಗೆ ಅದಾರ್ ತಿಂಗಳು ಎರಡು. ಅದರ ಮುಂದಿನ ನಿಸಾನ್ ತಿಂಗಳ 15ನೇ ದಿನ ಪಸ್ಕ. ವರ್ಷದ ಸಂಖ್ಯೆಯನ್ನು 19ರಿಂದ ಭಾಗಿಸಿ ಶೇಷ ನೋಡಿದರೆ ಸಾಕು. 2024ರ ವಸಂತ ಯೆಹೂದಿ ವರ್ಷ 5784. ಶೇಷ 8, ಆದ್ದರಿಂದ ಅಧಿಕ. 2026ಕ್ಕೆ 5786, ಶೇಷ 10, ಅಧಿಕವಿಲ್ಲ. 2027ಕ್ಕೆ 5787, ಶೇಷ 11, ಮತ್ತೆ ಅಧಿಕ.

ಈ ಚಕ್ರದ 8, 11 ಮತ್ತು 19ನೆಯ ವರ್ಷಗಳಲ್ಲೇ ಪಸ್ಕ ಪಶ್ಚಿಮದ ಈಸ್ಟರಿಗಿಂತ ಮೂರು ನಾಲ್ಕು ವಾರ ತಡ. 2016 ಹತ್ತೊಂಬತ್ತನೆಯದಾಗಿತ್ತು: ಈಸ್ಟರ್ ಮಾರ್ಚ್ 27, ಪಸ್ಕ ಏಪ್ರಿಲ್ 23. ಕಾರಣ ಒಂದು ಸಣ್ಣ ಹೆಚ್ಚುವರಿ. ಯೆಹೂದಿ ಲೆಕ್ಕದಲ್ಲಿ ತಿಂಗಳೆಂದರೆ 29 ದಿನ, 12 ಗಂಟೆ, 793 ಅಂಶ. ಗಂಟೆಗೆ 1080 ಅಂಶ. ಚಂದ್ರನಿಗೆ ಇದು ಬಹಳ ನಿಖರ. ಆದರೆ 19 ವರ್ಷಕ್ಕೆ ಇಂಥ 235 ತಿಂಗಳು ಹಂಚಿದಾಗ ಸರಾಸರಿ ವರ್ಷ 365.2468 ದಿನ ಆಗುತ್ತದೆ. ಋತುಗಳ ವರ್ಷ 365.2422. ವರ್ಷಕ್ಕೆ ಆರೂವರೆ ನಿಮಿಷಕ್ಕೂ ಸ್ವಲ್ಪ ಹೆಚ್ಚು ಉಳಿಯುತ್ತದೆ, ಸುಮಾರು 216 ವರ್ಷಕ್ಕೆ ಒಂದು ದಿನ. ಈ ಪಂಚಾಂಗವನ್ನು ನಿಗದಿ ಮಾಡಿದವರು ನಾಲ್ಕನೆಯ ಶತಮಾನದ ಎರಡನೆಯ ಹಿಲ್ಲೆಲ್ ಎಂಬುದು ಸಂಪ್ರದಾಯ. ಅಲ್ಲಿಂದ ಇಲ್ಲಿಗೆ ಒಂದು ವಾರಕ್ಕೂ ಮಿಕ್ಕಿ ಸರಿದಿದೆ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಬಂತು, ಹಗಲು ರಾತ್ರಿ ಸಮವಾಗುವ ದಿನ ಆಗಲೇ ಕಳೆದಿತ್ತು. ಚರ್ಚು ಅದನ್ನೇ ವಸಂತದ ಹುಣ್ಣಿಮೆ ಎಂದು ಹಿಡಿಯಿತು. ಯೆಹೂದ್ಯರಿಗೆ ಅದು ಇನ್ನೂ ಎರಡನೆಯ ಅದಾರ್; ಅವರ ಪಸ್ಕ ನಮ್ಮ ಚೈತ್ರ ಹುಣ್ಣಿಮೆಯ ದಿನ, ಏಪ್ರಿಲ್ 23ರಂದು.

ಪಶ್ಚಿಮದ ಈಸ್ಟರ್ ಒಂದೇ ಬೇಕಾದವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ‘ಈಸ್ಟರ್‌ಸಂಡೇ’ (EASTERSUNDAY) ಎಂಬ ಸೂತ್ರ ಅದರಲ್ಲೇ ಇದೆ. ಆವರಣದೊಳಗೆ ಇಸವಿ ಕೊಟ್ಟರೆ ಭಾನುವಾರದ ತಾರೀಕು ಬರುತ್ತದೆ. 1583ರಿಂದ 9956ರವರೆಗೆ ನಡೆಯುತ್ತದೆ. ಎಕ್ಸೆಲ್‌ನಲ್ಲಿ ಇಂಥ ಸಿದ್ಧ ಸೂತ್ರ ಇಲ್ಲ, ಅಲ್ಲಿ ಕೈಯಾರೆ ಬರೆದ ಉದ್ದನೆಯ ಸೂತ್ರಗಳನ್ನು ನಂಬಬೇಕು. ಹಲವರು ನಕಲು ಮಾಡಿಕೊಳ್ಳುವ ಒಂದು ಚಿಕ್ಕ ಸೂತ್ರ 2079ರಲ್ಲಿ ತಪ್ಪುತ್ತದೆ. ಅದು ತಿಂಗಳು ಮೊದಲು, ದಿನ ಆಮೇಲೆ ಎಂಬ ಅಮೆರಿಕದ ಕ್ರಮವನ್ನು ನೆಚ್ಚಿಕೊಂಡಿರುವುದರಿಂದ ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಅದಕ್ಕಿಂತ ಮುಂಚೆಯೇ ಕೈಕೊಡಬಹುದು. ಚರ್ಚಿನ ಕ್ಯಾಲೆಂಡರಿಗೆ ಲಿಬ್ರೆಆಫೀಸೇ ಸುರಕ್ಷಿತ.

ಒಂದು ಕಂಬಸಾಲಿನಲ್ಲಿ ಇಸವಿ ಹಾಕಿ, ಪಕ್ಕದಲ್ಲಿ ಈ ಸೂತ್ರ, ಅದರ ಪಕ್ಕಕ್ಕೆ ಕೂಡಿ ಕಳೆಯುವ ದಿನಗಳು. ಬೂದಿ ಬುಧವಾರಕ್ಕೆ 46 ಕಳೆಯಬೇಕು, ಗರಿಗಳ ಭಾನುವಾರಕ್ಕೆ 7, ಶುಭ ಶುಕ್ರವಾರಕ್ಕೆ 2. ಸ್ವರ್ಗಾರೋಹಣಕ್ಕೆ 39 ಕೂಡಬೇಕು, ಪಂಚಾಶತ್ತಮ ಹಬ್ಬಕ್ಕೆ 49. 2026ಕ್ಕೆ ಇವು ಫೆಬ್ರವರಿ 18, ಮಾರ್ಚ್ 29, ಏಪ್ರಿಲ್ 3, ಮೇ 14 ಮತ್ತು ಮೇ 24. ತಾರೀಕಿನ ಬದಲು 46117 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಏಪ್ರಿಲ್ 5, 2026ರ ದಿನಸಂಖ್ಯೆ; ಕೋಶದ ರೂಪವನ್ನು ತಾರೀಕಿಗೆ ಬದಲಿಸಿದರೆ ಸರಿಹೋಗುತ್ತದೆ. ಇಸವಿಯನ್ನು ನಾಲ್ಕು ಅಂಕಿಯಲ್ಲೇ ಬರೆಯಿರಿ. ಎರಡು ಅಂಕಿ ಕೊಟ್ಟರೂ ಸೂತ್ರ ಒಪ್ಪುತ್ತದೆ, ಆದರೆ ಯಾವ ಶತಮಾನ ಎಂಬುದನ್ನು ತಂತ್ರಾಂಶದ ಸೆಟ್ಟಿಂಗ್ ನಿರ್ಧರಿಸುತ್ತದೆ. ಶತಮಾನ ತಪ್ಪಿದರೆ ತಾರೀಕೂ ತಪ್ಪುತ್ತದೆ, ನೋಡಲು ಮಾತ್ರ ಸರಿಯಾಗಿಯೇ ಕಾಣುತ್ತದೆ.

ಸೂತ್ರದ ಒಳಗೆ ನಡೆಯುವುದನ್ನು ಕೈಯಲ್ಲೂ ಮಾಡಬಹುದು. 325ರಲ್ಲಿ ನೈಸಿಯದಲ್ಲಿ ಬಿಷಪರು ಸೇರಿ ನಡೆಸಿದ ಸಭೆಯವರೆಗೆ ಕ್ರೈಸ್ತರಲ್ಲೇ ಒಮ್ಮತವಿರಲಿಲ್ಲ. ಏಷ್ಯಾ ಮೈನರಿನ ಕೆಲವು ಸಭೆಗಳು ವಾರ ಯಾವುದೇ ಇರಲಿ ನಿಸಾನ್ 14ರಂದೇ ಆಚರಿಸುತ್ತಿದ್ದವು. ಉಳಿದವರಿಗೆ ಪುನರುತ್ಥಾನ ವಾರದ ಮೊದಲನೆಯ ದಿನ ನಡೆದದ್ದು, ಹಾಗಾಗಿ ಭಾನುವಾರವೇ ಆಗಬೇಕಿತ್ತು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು, ಯೆಹೂದ್ಯರು ಆ ವರ್ಷ ನಿಸಾನನ್ನು ಎಲ್ಲಿಡುತ್ತಾರೆಂದು ಕಾಯಬಾರದು ಎಂದು ನೈಸಿಯದಲ್ಲಿ ಒಪ್ಪಿದರು. ಎರಡು ಹಬ್ಬಗಳ ದಾರಿ ಬೇರೆಯಾದದ್ದು ಈ ತೀರ್ಮಾನದಿಂದ. ಮುಂದೆ ನೆಲೆನಿಂತ ನಿಯಮ ಇದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಆದ ಮೇಲಿನ ಭಾನುವಾರ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಮುಂದಿನ ಭಾನುವಾರ.

ಇಲ್ಲಿ ಹುಣ್ಣಿಮೆ ಅಂದರೆ ಆಕಾಶದ್ದಲ್ಲ, ಕೋಷ್ಟಕದ್ದು. ಇಸವಿಯನ್ನು 19ರಿಂದ ಭಾಗಿಸಿ ಶೇಷಕ್ಕೆ ಒಂದು ಕೂಡಿದರೆ ಬರುವುದು ಸುವರ್ಣ ಸಂಖ್ಯೆ. ಪ್ರತಿ ಸುವರ್ಣ ಸಂಖ್ಯೆಗೂ ಒಂದು ಹುಣ್ಣಿಮೆ ನಿಗದಿ. 1582ರಲ್ಲಿ ಕ್ಯಾಲೆಂಡರನ್ನು ಈಗ ನಾವು ಬಳಸುವ ರೂಪಕ್ಕೆ ತಂದ ಗ್ರೆಗೋರಿಯನ್ ತಿದ್ದುಪಡಿಯ ನಂತರದ ಈ ಪಟ್ಟಿ 1900ರಿಂದ 2199ರವರೆಗೆ ಬದಲಾಗುವುದಿಲ್ಲ. 2026ಕ್ಕೆ ಶೇಷ 12, ಸುವರ್ಣ ಸಂಖ್ಯೆ 13, ಹುಣ್ಣಿಮೆ ಏಪ್ರಿಲ್ 2, ಗುರುವಾರ. ಮುಂದಿನ ಭಾನುವಾರ ಏಪ್ರಿಲ್ 5. 2025ಕ್ಕೆ ಸಂಖ್ಯೆ 12, ಹುಣ್ಣಿಮೆ ಏಪ್ರಿಲ್ 13. ಅದೇ ಭಾನುವಾರ, ಆದ್ದರಿಂದ ಹಬ್ಬ ಒಂದು ವಾರ ಮುಂದೆ ಹೋಗಿ 20ಕ್ಕೆ ಬಂತು. ಪಸ್ಕದ ಮೊದಲ ದಿನವೂ ಆ ಏಪ್ರಿಲ್ 13ರಂದೇ ಇತ್ತು, ಅಂದರೆ ಹುಣ್ಣಿಮೆಯ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದ್ದರೂ ಭಾನುವಾರದ ನಿಯಮವೊಂದೇ ಅವರನ್ನು ಏಳು ದಿನ ದೂರ ಇಟ್ಟಿತು. ಆಕಾಶಕ್ಕೂ ಕೋಷ್ಟಕಕ್ಕೂ ಅಂತರ ಬೀಳುವುದಕ್ಕೆ 2019 ಒಳ್ಳೆಯ ಉದಾಹರಣೆ. ಆ ವರ್ಷ ಹಗಲು ರಾತ್ರಿ ಸಮವಾಗುವ ವಿಷುವ ಮುಗಿದ ಕೆಲವೇ ಗಂಟೆಗಳಲ್ಲಿ, ಮಾರ್ಚ್ 21ರಂದು ಹುಣ್ಣಿಮೆ ಆಯಿತು. ಆಕಾಶವನ್ನೇ ನಂಬಿದ್ದರೆ ಈಸ್ಟರ್ ಮಾರ್ಚ್ 24. ಕೋಷ್ಟಕದಲ್ಲಿದ್ದ ಹುಣ್ಣಿಮೆ ಏಪ್ರಿಲ್ 18. ಹಬ್ಬ ನಡೆದದ್ದು ಏಪ್ರಿಲ್ 21ರಂದು.

ಲಿಬ್ರೆಆಫೀಸಿನ ಕೊರತೆ ಎಂದರೆ ಆರ್ಥೊಡಾಕ್ಸ್ ಈಸ್ಟರಿಗೆ ಅಲ್ಲಿ ಸೂತ್ರವಿಲ್ಲ. ಅದಕ್ಕೆ ಪೈಥಾನ್ ತಿಳಿದವರು ಡೇಟ್‌ಯುಟಿಲ್ ಬಳಸಬೇಕು. ಅದರ ಈಸ್ಟರ್ ವಿಭಾಗಕ್ಕೆ ಇಸವಿಯ ಜೊತೆ ವಿಧಾನದ ಸಂಖ್ಯೆಯನ್ನೂ ಕೊಡಬಹುದು: 1 ಜೂಲಿಯನ್ (ಗ್ರೆಗೋರಿಯನ್ ತಿದ್ದುಪಡಿಗೆ ಮುಂಚಿನ ಹಳೆಯ ಕ್ಯಾಲೆಂಡರ್), 2 ಆರ್ಥೊಡಾಕ್ಸ್, 3 ಪಶ್ಚಿಮದ್ದು. ಏನೂ ಕೊಡದಿದ್ದರೆ 3 ಎಂದೇ ಹಿಡಿಯುತ್ತದೆ. 2 ಮತ್ತು 3 ನಡೆಯುವುದು 1583ರಿಂದ 4099ರವರೆಗೆ.

ಎಡವುವ ಜಾಗ 1ನೆಯ ವಿಧಾನ. ಆರ್ಥೊಡಾಕ್ಸ್ ಸಭೆಯವರದು ಜೂಲಿಯನ್ ಲೆಕ್ಕ ಎಂದು ಕೇಳಿದವರು ಸಹಜವಾಗಿ ಅದನ್ನೇ ಆರಿಸುತ್ತಾರೆ. 2026ಕ್ಕೆ ಅದು ಮಾರ್ಚ್ 30 ಎನ್ನುತ್ತದೆ. ಉತ್ತರ ತಪ್ಪಲ್ಲ, ಆದರೆ ಅದು ಜೂಲಿಯನ್ ಕ್ಯಾಲೆಂಡರಿನ ಮಾರ್ಚ್ 30. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅದೇ ದಿನ ಏಪ್ರಿಲ್ 12. ಪೈಥಾನ್ ಎಲ್ಲ ತಾರೀಕನ್ನೂ ಗ್ರೆಗೋರಿಯನ್ ಎಂದೇ ತಿಳಿಯುವುದರಿಂದ ಆ ಮಾರ್ಚ್ 30ರ ವಾರ ಕೇಳಿದರೆ ಸೋಮವಾರ ಎನ್ನುತ್ತದೆ. ಈ ಶತಮಾನದಲ್ಲಿ ಎರಡು ಕ್ಯಾಲೆಂಡರುಗಳ ಅಂತರ 13 ದಿನ, ಹಾಗಾಗಿ ಭಾನುವಾರದಿಂದ 13 ದಿನ ಹಿಂದೆ ಯಾವಾಗಲೂ ಸೋಮವಾರವೇ. ಪಟ್ಟಿಯಲ್ಲಿ ಈಸ್ಟರ್ ಎಲ್ಲ ವರ್ಷವೂ ಸೋಮವಾರ ಬಂದಿದ್ದರೆ 1ರ ಬದಲು 2 ಹಾಕಿ.

2ನೆಯ ವಿಧಾನ ನಾಲ್ಕು ವರ್ಷವೂ ಸರಿಯಾದ ತಾರೀಕು ಕೊಡುತ್ತದೆ: ಮೇ 5, ಏಪ್ರಿಲ್ 20, ಏಪ್ರಿಲ್ 12, ಮೇ 2. ಪೂರ್ವದವರ ನಿಯಮದ ಮಾತುಗಳು ಪಶ್ಚಿಮದವರದೇ, ಆದರೆ ಮಾರ್ಚ್ 21 ಎಂದರೆ ಅವರಿಗೆ ಜೂಲಿಯನ್ ಮಾರ್ಚ್ 21, ನಮಗೆ ಏಪ್ರಿಲ್ 3. ಹುಣ್ಣಿಮೆಯ ಹಳೆಯ ಕೋಷ್ಟಕವೂ ಚಂದ್ರನಿಗಿಂತ ನಾಲ್ಕೈದು ದಿನ ಹಿಂದೆ ಉಳಿದಿದೆ. 2026ರಲ್ಲಿ ಆಕಾಶದ ಹುಣ್ಣಿಮೆ ಏಪ್ರಿಲ್ 2. ಅವರ ಕೋಷ್ಟಕದಲ್ಲಿ ಜೂಲಿಯನ್ ಮಾರ್ಚ್ 24, ಅಂದರೆ ಏಪ್ರಿಲ್ 6, ಸೋಮವಾರ. ಏಪ್ರಿಲ್ 5ರ ಭಾನುವಾರ ಕೈತಪ್ಪಿ 12ಕ್ಕೆ ಹೋಯಿತು. 2024ರಲ್ಲಿ ಕೋಷ್ಟಕದ ಹುಣ್ಣಿಮೆ ಏಪ್ರಿಲ್ 28ರ ಭಾನುವಾರವೇ ಬಿದ್ದದ್ದರಿಂದ ಇನ್ನೊಂದು ವಾರ ಸೇರಿ ಮೇ 5 ಆಯಿತು. 2025ರಲ್ಲಿ ಅದು ಏಪ್ರಿಲ್ 17, ಗುರುವಾರ; ಹಾಗಾಗಿ ಎರಡು ಸಭೆಗಳೂ ಒಂದೇ ಭಾನುವಾರಕ್ಕೆ ಬಂದು ನಿಂತವು.

ಯೆಹೂದ್ಯರ ಪಸ್ಕ ಮುಗಿಯುವ ತನಕ ಆರ್ಥೊಡಾಕ್ಸ್ ಸಭೆ ಕಾಯುತ್ತದೆ ಎಂಬ ಮಾತು ಎಷ್ಟೋ ಕಡೆ ಅಚ್ಚಾಗಿದೆ. ಲೆಕ್ಕದಲ್ಲಿ ಅಂಥ ಹಂತವೇ ಇಲ್ಲ. 2025ರ ಏಪ್ರಿಲ್ 20ರಂದು ಇಸ್ರೇಲಿನ ಹೊರಗಿನ ಯೆಹೂದ್ಯರಿಗೆ ಪಸ್ಕದ ಎಂಟನೆಯ ದಿನ ಇನ್ನೂ ನಡೆಯುತ್ತಿತ್ತು. ಹಳೆಯ ಕೋಷ್ಟಕ ಸರಿದಿರುವುದರಿಂದ ಈಸ್ಟರ್ ತಾನಾಗಿಯೇ ಹಿಂದೆ ಬೀಳುತ್ತದೆ, ಅಷ್ಟೇ.

ಹೆಸರಿನಲ್ಲಿ ಆರ್ಥೊಡಾಕ್ಸ್ ಇದ್ದ ಮಾತ್ರಕ್ಕೆ 2 ಹಾಕುವುದೂ ತಪ್ಪು. ಕೇರಳ ಮೂಲದ, ಬೆಂಗಳೂರಿನಲ್ಲೂ ಚರ್ಚುಗಳಿರುವ ಮಲಂಕರ ಆರ್ಥೊಡಾಕ್ಸ್ ಸಭೆ ಈಸ್ಟರ್ ಆಚರಿಸುವುದು ಗ್ರೆಗೋರಿಯನ್ ಲೆಕ್ಕದಲ್ಲಿ, ಕ್ಯಾಥೊಲಿಕರ ಜೊತೆಗೇ. ಫಿನ್‌ಲೆಂಡಿನ ಆರ್ಥೊಡಾಕ್ಸ್ ಸಭೆಯೂ ಹಾಗೇ. ಇವೆರಡಕ್ಕೂ 3 ಸರಿ. ಈಜಿಪ್ಟಿನ ಕಾಪ್ಟಿಕ್, ಇಥಿಯೋಪಿಯದ ಸಭೆಗಳಿಗೆ 2.

ಎನ್‌ಕ್ಯಾಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಿನಕ್ಸ್ ಅಥವಾ ಮ್ಯಾಕ್ ಕಂಪ್ಯೂಟರಿನ ಆಜ್ಞಾ ಕಿಟಕಿಯಲ್ಲಿ ಅದರ ಹೆಸರು (ncal), ಅಡ್ಡಗೆರೆಯೊಂದಿಗೆ ಇಂಗ್ಲಿಷಿನ ಸಣ್ಣ ‘ಇ’ (e) ಅಕ್ಷರ, ಆಮೇಲೆ ಇಸವಿ ಕೊಟ್ಟರೆ ಪಶ್ಚಿಮದ ಈಸ್ಟರ್. ‘ಇ’ ಬದಲು ‘ಓ’ (o) ಕೊಟ್ಟರೆ ಆರ್ಥೊಡಾಕ್ಸ್. ಇಂಟರ್‌ನೆಟ್ ಬೇಡ, ಉತ್ತರ ಒಂದೇ ಸಾಲು. ಡೆಬಿಯನ್, ಉಬುಂಟುಗಳಲ್ಲಿ ಕೆಲವೊಮ್ಮೆ ಬೇರೆಯಾಗಿ ಹಾಕಿಕೊಳ್ಳಬೇಕು. ಪಸ್ಕದ ಗೊಡವೆ ಇದಕ್ಕಿಲ್ಲ. ಬೇರೆ ಸಾಧನದ ಉತ್ತರವನ್ನು ತಾಳೆ ನೋಡಲು ಇಷ್ಟು ಚುರುಕಾದದ್ದು ಇನ್ನೊಂದಿಲ್ಲ.

ನಾಲ್ಕರಲ್ಲಿ ಯಾವುದೂ ಮೂರು ತಾರೀಕುಗಳನ್ನು ಒಟ್ಟಿಗೆ ಕೊಡುವುದಿಲ್ಲ. ಕ್ಯಾಲೆಂಡರ್ ಅಚ್ಚು ಹಾಕಿಸುವವರು ಹೆಬ್‌ಕ್ಯಾಲ್‌ನಿಂದ ಪಸ್ಕ, ಲಿಬ್ರೆಆಫೀಸಿನಿಂದ ಈಸ್ಟರ್ ಮತ್ತು ಅದರ ಸುತ್ತಲಿನ ದಿನಗಳು, ಡೇಟ್‌ಯುಟಿಲ್ ಅಥವಾ ಎನ್‌ಕ್ಯಾಲ್‌ನಿಂದ ಆರ್ಥೊಡಾಕ್ಸ್ ದಿನ ತೆಗೆದು ಜೋಡಿಸಬೇಕು. 2027ಕ್ಕೆ ಸಿಗಬೇಕಾದ ಉತ್ತರ: ಬೂದಿ ಬುಧವಾರ ಫೆಬ್ರವರಿ 10, ಈಸ್ಟರ್ ಮಾರ್ಚ್ 28, ಪಸ್ಕದ ಮುನ್ನಾದಿನ ಏಪ್ರಿಲ್ 21 ಮತ್ತು ಮೊದಲ ದಿನ ಏಪ್ರಿಲ್ 22, ಆರ್ಥೊಡಾಕ್ಸ್ ಈಸ್ಟರ್ ಮೇ 2. ಆರ್ಥೊಡಾಕ್ಸ್ ದಿನಕ್ಕೆ 13 ಕೂಡುವುದನ್ನು ಸೂತ್ರದಲ್ಲಿ ಕೈಯಾರೆ ಬರೆದಿಟ್ಟವರು ಅದು 2099ರವರೆಗಿನ ಈಸ್ಟರಿಗೆ ಮಾತ್ರ ಎಂದು ಪಕ್ಕದಲ್ಲಿ ಗುರುತು ಹಾಕಿಡಬೇಕು. 2100ರ ಮಾರ್ಚಿನಲ್ಲಿ ಆ ಅಂತರ 14 ಆಗುತ್ತದೆ.